ಮಗ್ಗುಲು ಬದಲಿಸುವ ಪಾಠ

ಮಧ್ಯಾಹ್ನದ ಕೊನೆಯ ಪಿರಿಯಡ್ಡಿನಲ್ಲಿ ಪಾಠ ಮಾಡಿದ ಯಾವ ಮೇಷ್ಟರನ್ನು ಬೇಕಾದರೂ ಕೇಳಿ ನೋಡಿ. ಆ ಹೊತ್ತಿನಲ್ಲಿ ಮಕ್ಕಳು ಬೆಂಚಿನ ಮೇಲೆ ಕೂತಿರುವುದಿಲ್ಲ, ಮಿಸುಕಾಡುತ್ತಿರುತ್ತಾರೆ. ಒಬ್ಬ ಎಡಕ್ಕೆ ವಾಲುತ್ತಾನೆ, ಇನ್ನೊಬ್ಬ ಕಾಲು ಮಡಚಿ ಅದರ ಮೇಲೆ ಕೂರುತ್ತಾನೆ, ಮತ್ತೊಬ್ಬಳು ಹಿಂದಕ್ಕೊರಗಿ ಹಿಂದಿನ ಡೆಸ್ಕಿನವಳ ಪುಸ್ತಕ ಬೀಳಿಸುತ್ತಾಳೆ. "ನೆಟ್ಟಗೆ ಕೂತ್ಕೊಳ್ರೋ, ಅಲುಗಾಡಿದರೆ ನೋಡಿ" ಎಂದು ಗದರುವುದು ಬಹಳ ವರ್ಷ ನನ್ನ ಅಭ್ಯಾಸವಾಗಿತ್ತು. ಈಗ ಅದನ್ನು ಬಿಟ್ಟಿದ್ದೇನೆ. ಮೇಷ್ಟರ ಸಿಟ್ಟು ಇಳಿದಿದೆಯೆಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಾರೆ. ಇದು ಸಿಟ್ಟಿನ ವಿಷಯವಲ್ಲ. ಅಲುಗಾಡದೆ ಇರುವುದೆಂದರೆ ಏನೆಂಬುದನ್ನು ನಾನು ನಮ್ಮ ಅಮ್ಮನ ಹಾಸಿಗೆಯ ಪಕ್ಕದಲ್ಲಿ ಕಲಿತೆ. ಅದೂ ತಡವಾಗಿ ಕಲಿತೆ.

2022ರ ಜುಲೈ ತಿಂಗಳು. ಬೆಳಿಗ್ಗೆ ಹೂ ಕೊಯ್ಯಲು ಹೋದ ಅಮ್ಮ ಅಂಗಳದಲ್ಲೇ ಕುಸಿದಳು. ಪಾರ್ಶ್ವವಾಯು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ನಿಂತಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಕರೆತಂದೆವು. ಪ್ರಾಣಾಪಾಯವಿಲ್ಲ, ಇನ್ನು ಆರೈಕೆ ಮುಖ್ಯ ಎಂದು ಡಾಕ್ಟರು ಹೇಳಿದ್ದರು. ಆರೈಕೆಯೆಂದರೆ ನಮ್ಮ ತಿಳಿವಳಿಕೆಯಲ್ಲಿ ವಿಶ್ರಾಂತಿ. ನಡುಮನೆಯ ಮಂಚಕ್ಕೆ ಹತ್ತಿ ಹಾಸಿಗೆ ಹಾಸಿ, ಹಾಸಿಗೆ ನೆನೆಯದಿರಲೆಂದು ಅದರ ಮೇಲೊಂದು ರಬ್ಬರ್ ಶೀಟು ಹರಡಿ, ಅಂಗಾತ ಮಲಗಿಸಿದೆವು. ನೋಡಲು ಬಂದ ನೆಂಟರೆಲ್ಲ ಒಂದೇ ಮಾತು ಹೇಳಿದರು: "ಅಲುಗಾಡಿಸಬೇಡಿ, ದಣಿವಾಗುತ್ತೆ." ನಮಗೂ ಅದು ಸರಿಯೆನಿಸಿತು. ಮಂಚದ ಕಾಲು ತಾಗಿ ಹಾಸಿಗೆ ಅದುರಿದರೂ ಮಕ್ಕಳನ್ನು ಗದರಿಕೊಳ್ಳುತ್ತಿದ್ದೆ.

ಒಂದೇ ಒಂದು ವಿಷಯ ವಿಚಿತ್ರವಾಗಿತ್ತು. ಅಮ್ಮನ ಸ್ವಾಧೀನದಲ್ಲಿದ್ದ ಎಡಗೈ ಪದೇ ಪದೇ ಸೊಂಟದ ಕಡೆಗೆ ಹೋಗುತ್ತಿತ್ತು. ಹೊದಿಕೆ ಕಿತ್ತು ಹಾಕುತ್ತಿದ್ದಾಳೆಂದು ತಿಳಿದು ನಾನು ಆ ಕೈಯನ್ನು ಹಿಡಿದು ಮತ್ತೆ ಹೊದಿಕೆಯೊಳಗೆ ಸೇರಿಸುತ್ತಿದ್ದೆ. "ಸುಮ್ಮನೆ ಮಲಕ್ಕೊಳಮ್ಮ" ಎನ್ನುತ್ತಿದ್ದೆ. ದಿನಕ್ಕೆ ಎಷ್ಟು ಸಲವೋ.

ಮನೆಗೆ ಬಂದ ನಾಲ್ಕನೆಯ ದಿನ ಮೂತ್ರದ ನಳಿಕೆ ನೋಡಿ ಹೋಗಲು ಸಿಸ್ಟರ್ ಬಂದರು. ಹಿಂದೊಮ್ಮೆ ನನ್ನ ತರಗತಿಯಲ್ಲೇ ಕೂತು ಓದಿದ ಹುಡುಗಿ. ಬಂದವಳೇ ಕೇಳಿದ ಮೊದಲ ಪ್ರಶ್ನೆ: "ಸಾರ್, ಅಜ್ಜಿನ ಎಷ್ಟು ಹೊತ್ತಿಗೊಂದ್ಸಲ ತಿರುಗಿಸಿ ಮಲಗಿಸ್ತಿದ್ದೀರಿ?"

"ಯಾಕಮ್ಮ ತಿರುಗಿಸೋದು? ಆರಾಮಾಗೇ ಮಲಗಿದಾರಲ್ಲ" ಎಂದೆ.

ಆಕೆ ಮಾತಾಡಲಿಲ್ಲ. ನನ್ನ ಹೆಂಡತಿಯ ಸಹಾಯದಿಂದ ಅಮ್ಮನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಳು. ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ಐದು ರೂಪಾಯಿ ನಾಣ್ಯದಷ್ಟಗಲ ಚರ್ಮ ಸುಲಿದು ಹಸಿಯಾಗಿತ್ತು. ಸುತ್ತ ನೇರಳೆ ಬಣ್ಣದ ಕಲೆ. ಬಲ ಹಿಮ್ಮಡಿಯ ಮೇಲೂ ಒಂದು ಕೆಂಪು ಮಚ್ಚೆ. ಅದರ ಮೇಲೆ ಬೆರಳಿಟ್ಟು ಒತ್ತಿ ತೆಗೆದಳು. "ನೋಡಿ ಸಾರ್, ಒತ್ತಿದರೆ ಬಿಳುಚಿಕೊಂಡು ಮತ್ತೆ ಕೆಂಪಾಗಬೇಕು. ಬಿಳುಚಿಕೊಳ್ಳಲೇ ಇಲ್ಲ ಅಂದ್ರೆ ಅಲ್ಲಿ ರಕ್ತ ಓಡಾಡ್ತಿಲ್ಲ, ಒಳಗೆ ಪೆಟ್ಟಾಗಿದೆ ಅಂತ. ಹಿಮ್ಮಡಿ ಉಳಿಸಿಕೊಳ್ಳಬಹುದು. ಬೆನ್ನಿಂದು ಆಗಲೇ ಹುಣ್ಣಾಗಿದೆ." ಸ್ವಲ್ಪ ತಡೆದು, "ಚೂಪು ಮೊಳೆ ಯಾಕೆ ಬೇಗ ಒಳಗೆ ಹೋಗುತ್ತೆ ಅಂತ ನೀವೇ ಅಲ್ವಾ ಸಾರ್ ನಮಗೆ ಹೇಳಿಕೊಟ್ಟಿದ್ದು?" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು. ಎಡಗೈ ಏಕೆ ಸೊಂಟದ ಕಡೆಗೆ ಹೋಗುತ್ತಿತ್ತೆಂಬುದು ಆಗ ಹೊಳೆಯಿತು. ಮಾತು ಕಳೆದುಕೊಂಡ ಅಮ್ಮ ಕೈಯಲ್ಲಿ ಹೇಳುತ್ತಿದ್ದಳು. ನಾನು ಆ ಕೈಯನ್ನು ಕಟ್ಟಿಹಾಕುತ್ತಿದ್ದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಎಂಟನೇ ತರಗತಿಗೆ 'ಬಲ ಮತ್ತು ಒತ್ತಡ' ಪಾಠವನ್ನು ಪುಸ್ತಕ ನೋಡದೆ ಹೇಳಬಲ್ಲೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧ. ಶಾಲೆಯ ಚೀಲದ ಪಟ್ಟಿ ಅಗಲವಾಗಿರಬೇಕು, ಕೊಡ ಹೊರುವವರು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾರೆ, ಇವೇ ನನ್ನ ಉದಾಹರಣೆಗಳು. ಅದೇ ಸೂತ್ರವನ್ನು ಅಮ್ಮನ ಬೆನ್ನಿಗೆ ಹಾಕಿ ನೋಡಿದೆ. ಸೊಂಟದ ಭಾಗದ ಭಾರ 15 ಕಿಲೋ ಎಂದಿಟ್ಟುಕೊಳ್ಳೋಣ. ಬಲ ಸುಮಾರು 150 ನ್ಯೂಟನ್. ಗಂಟುಗಟ್ಟಿದ ಹತ್ತಿ ಹಾಸಿಗೆಯ ಮೇಲೆ ಅದು ನಿಜವಾಗಿ ಊರುವುದು ಅಂಗೈಯಗಲದ ಜಾಗದಲ್ಲಿ, ಅಂದರೆ ಸುಮಾರು 100 ಚದರ ಸೆಂಟಿಮೀಟರ್. ಲೆಕ್ಕ ಹಾಕಿದರೆ 15,000 ಪಾಸ್ಕಲ್. ರಕ್ತದೊತ್ತಡ ಅಳೆಯುವ ಭಾಷೆಯಲ್ಲಿ ಹೇಳುವುದಾದರೆ 110 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚು.

ಚರ್ಮದ ಕೂದಲಿನಂಥ ರಕ್ತನಾಳಗಳಲ್ಲಿ, ಅಂದರೆ ಲೋಮನಾಳಗಳಲ್ಲಿ, ರಕ್ತದ ಒತ್ತಡ ಎಷ್ಟಿರುತ್ತದೆ? 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ವಿಜ್ಞಾನಿ ಮನುಷ್ಯರ ಉಗುರಿನ ಬುಡದ ಚರ್ಮದಲ್ಲಿ ಇದನ್ನು ಅಳೆದ. ರಕ್ತ ಒಳಬರುವ ತುದಿಯಲ್ಲಿ ಸರಾಸರಿ 32 ಮಿಲಿಮೀಟರ್ ಪಾದರಸ. ನನ್ನ ಲೆಕ್ಕ ಒರಟು ಲೆಕ್ಕವೇ, ದೇಹವೇನೂ ಗಣಿತದ ಪುಸ್ತಕದ ಘನವಲ್ಲ. ಲ್ಯಾಂಡಿಸನ ಅಂಕಿಯೂ ಎಲ್ಲರಿಗೂ ಎಲ್ಲ ಜಾಗಕ್ಕೂ ಒಂದೇ ಆಗಿ ಹೊಂದುವಂಥದ್ದಲ್ಲ. ಆದರೆ ಮೂರು ಪಟ್ಟು ಮೀರಿದ ಒತ್ತಡ ಗಂಟೆಗಟ್ಟಲೆ ಕೂತರೆ ನಾಳ ಮುಚ್ಚಿಹೋಗುತ್ತದೆಂದು ತಿಳಿಯಲು ಇಷ್ಟು ಸಾಕು. ಗಿಡಕ್ಕೆ ನೀರುಣಿಸುವ ಪೈಪಿನ ಮೇಲೆ ಯಾರೋ ಕಾಲಿಟ್ಟು ನಿಂತಂತೆ. ಆಮ್ಲಜನಕವಿಲ್ಲ, ಆಹಾರವಿಲ್ಲ, ಕಶ್ಮಲ ಹೊರಹೋಗುವಂತಿಲ್ಲ. ಜೀವಕೋಶಗಳು ಸಾಯುತ್ತವೆ. ಇನ್ನೊಂದು ಮೋಸವೆಂದರೆ, ಒತ್ತಡ ಎಲ್ಲಕ್ಕಿಂತ ಹೆಚ್ಚಾಗಿರುವುದು ಹೊರಗಿನ ಚರ್ಮದಲ್ಲಲ್ಲ, ಒಳಗೆ ಮೂಳೆಗೆ ತಾಗಿದ ಮಾಂಸದಲ್ಲಿ. ಅನೇಕ ಸಲ ಒಳಗೆ ಕೊಳೆತ ಮೇಲೆ ಹೊರಗೆ ಕಾಣಿಸುತ್ತದೆ. ಅದಕ್ಕೇ ನಾಣ್ಯದಷ್ಟು ಕಂಡ ಹುಣ್ಣು ವಾರದಲ್ಲಿ ಅಂಗೈಯಗಲವಾಯಿತೆಂದು ಜನ ಗಾಬರಿಯಾಗುವುದು.

ಹಾಗಾದರೆ ರಾತ್ರಿಯೆಲ್ಲ ಮಲಗುವ ನಮಗೇಕೆ ಹುಣ್ಣಾಗುವುದಿಲ್ಲ? ನಾವು ಸುಮ್ಮನೆ ಮಲಗುವುದೇ ಇಲ್ಲ. ಒಂದೆಡೆ ರಕ್ತ ಕಡಿಮೆಯಾದ ಕೂಡಲೇ ನರಗಳು ಸುದ್ದಿ ಮುಟ್ಟಿಸುತ್ತವೆ, ನಿದ್ದೆಯಲ್ಲೇ ಹೊರಳುತ್ತೇವೆ. ಬೆಂಚಿನ ಮೇಲಿನ ಹುಡುಗ ಮಿಸುಕಾಡುವುದೂ ಅದಕ್ಕೇ. ಆ ಸುದ್ದಿ ಮುಟ್ಟದವರು, ಮುಟ್ಟಿದರೂ ಹೊರಳಲಾರದವರು, ಹೊರಳಿಸಿ ಎಂದು ಹೇಳಲಾರದವರು, ಇವರಿಗೆ ಹಾಸಿಗೆಯೇ ಶತ್ರು. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ತೊಡೆಮೂಳೆ ಮುರಿದ ಮುದುಕರು, ಎಚ್ಚರ ತಪ್ಪಿದವರು. 'ಸೂಪರ್‌ಮ್ಯಾನ್' ಚಿತ್ರಗಳ ನಟ ಕ್ರಿಸ್ಟೋಫರ್ ರೀವ್ ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. 2004ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಇಂಥದೇ ಹುಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಅನುಕೂಲವಿದ್ದವರನ್ನೂ ಇದು ಬಿಡುವುದಿಲ್ಲ.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ತಿದ್ದುಪಡಿ ಶುರುವಾಯಿತು. ಮೊದಲು ಮಾಡಿದ್ದೆಲ್ಲ ತಪ್ಪು. ನೆಂಟರೊಬ್ಬರು ಗಾಳಿ ತುಂಬುವ ರಬ್ಬರ್ ರಿಂಗ್ ತಂದುಕೊಟ್ಟರು. ಸಿಂಬಿಯ ಉದಾಹರಣೆ ಹೇಳುವ ನನಗೆ ಅದು ಬಹಳ ಶಾಸ್ತ್ರೀಯವಾಗಿ ಕಂಡಿತು, ಹುಣ್ಣಿನ ಜಾಗ ನಡುವಿನ ತೂತಿನಲ್ಲಿ ತೇಲುತ್ತದಲ್ಲ! ಸಿಸ್ಟರ್ ಬೇಡವೆಂದಳು. ರಿಂಗಿನ ಅಂಚು ಸುತ್ತಲೂ ಒತ್ತಿ, ನಡುವಿನ ಚರ್ಮಕ್ಕೆ ಎಲ್ಲ ಕಡೆಯಿಂದಲೂ ರಕ್ತ ಬರದಂತೆ ಬೇಲಿ ಹಾಕುತ್ತದೆ. ತಲೆಯ ಮೇಲೆ ಕೊಡವನ್ನು ಹತ್ತಿಪ್ಪತ್ತು ನಿಮಿಷ ಹೊರುವುದಕ್ಕೂ ಸೊಂಟದಡಿ ದಿನವಿಡೀ ಇರುವುದಕ್ಕೂ ವ್ಯತ್ಯಾಸವಿದೆ. ಹೆಂಡತಿ ಕೆಂಪಾದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಲು ಹೊರಟಿದ್ದಳು. ಅದೂ ಬೇಡ. ಆಗಲೇ ಪೆಟ್ಟಾದ ನಾಳಗಳು ತಿಕ್ಕಿದರೆ ಇನ್ನಷ್ಟು ಹರಿಯುತ್ತವೆ. ಸ್ಪಿರಿಟ್ ಹಚ್ಚುವುದು ಹಳೆಯ ಕಾಲದ ಪದ್ಧತಿ, ಅದು ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ರಬ್ಬರ್ ಶೀಟು ಮೈಗೆ ತಾಗಿದರೆ ಬೆವರು ಇಂಗದೆ ಚರ್ಮ ನೀರಿನಲ್ಲಿ ನೆನೆದ ಬೆರಳಿನಂತಾಗುತ್ತದೆ, ಆ ಚರ್ಮ ಬೇಗ ಸುಲಿಯುತ್ತದೆ.

ಉಳಿದದ್ದು ಒಂದೇ ಉಪಾಯ, ಮಗ್ಗುಲು ಬದಲಿಸುವುದು. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ.

ಎರಡು ಗಂಟೆಯ ಈ ಪದ್ಧತಿಗೆ ಒಂದು ದೊಡ್ಡ ಚರಿತ್ರೆಯಿದೆ, ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ ಎಂಬ ನರರೋಗ ವೈದ್ಯರಿಗೆ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿ ತುಂಡಾದ ಸೈನಿಕರ ವಿಭಾಗವನ್ನು ವಹಿಸಲಾಯಿತು. ಅಂಥವರು ಬದುಕುವುದಿಲ್ಲವೆಂದೇ ಆಗ ಎಲ್ಲರ ತೀರ್ಮಾನ. ಮೊದಲನೇ ಮಹಾಯುದ್ಧದಲ್ಲಿ ಅಂಥ ಗಾಯಾಳುಗಳಲ್ಲಿ ಬಹುಪಾಲು ಜನ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ತೀರಿಹೋಗಿದ್ದರು. ಗುಟ್‌ಮನ್ ಆ ತೀರ್ಮಾನವನ್ನು ಒಪ್ಪಲಿಲ್ಲ. ಪ್ರತಿಯೊಬ್ಬ ರೋಗಿಯನ್ನೂ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ರಾತ್ರಿಯಲ್ಲೂ ತಪ್ಪಬಾರದು ಎಂದು ಕಟ್ಟುನಿಟ್ಟು ಮಾಡಿದರು. ಹುಣ್ಣು ಮಾಗಿದವು. ಬದುಕಿದವರ ಕೈಗೆ ಬಿಲ್ಲು ಬಾಣ ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. ನಮ್ಮ ಆಟಗಾರರು ಅಲ್ಲಿ ಪದಕ ಗೆದ್ದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಆ ಕ್ರೀಡಾಂಗಣದ ಅಡಿಪಾಯದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಿದ ಕೈಗಳಿವೆ.

ಅನಂತರ 1962ರಲ್ಲಿ ಬ್ರಿಟನ್ನಿನ ಡೊರೀನ್ ನಾರ್ಟನ್ ಎಂಬ ನರ್ಸ್ ತಮ್ಮ ಸಂಗಡಿಗರೊಂದಿಗೆ ವೃದ್ಧ ರೋಗಿಗಳನ್ನು ಅಧ್ಯಯನ ಮಾಡಿ, ಯಾರಿಗೆ ಹುಣ್ಣಾಗುವ ಸಂಭವ ಹೆಚ್ಚೆಂದು ಮುಂಚೆಯೇ ತಿಳಿಯಲು ಒಂದು ಅಂಕಪಟ್ಟಿ ಮಾಡಿದರು. ದೇಹಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಕೈಕಾಲಿನ ಚಲನೆ, ಮಲಮೂತ್ರದ ಹಿಡಿತ. ಐದು ವಿಷಯ, ಒಂದೊಂದಕ್ಕೆ 1ರಿಂದ 4 ಅಂಕ, ಒಟ್ಟು 20. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ. ನಾನು ಅಮ್ಮನಿಗೆ ಅಂಕ ಹಾಕಿದೆ, 10 ಬಂತು. ನಮ್ಮ ಪರೀಕ್ಷೆಯಲ್ಲಾದರೆ ಪಾಸು, ಇಲ್ಲಿ ನಪಾಸು. ಆಸ್ಪತ್ರೆಯಿಂದ ಬಂದ ದಿನವೇ ಈ ಐದು ಪ್ರಶ್ನೆ ಕೇಳಿಕೊಂಡಿದ್ದರೆ ಆ ನಾಣ್ಯದಗಲದ ಹುಣ್ಣು ಆಗುತ್ತಿರಲಿಲ್ಲವೇನೋ.

ಶಾಲೆಯವನಿಗೆ ಗೊತ್ತಿರುವುದು ಟೈಂ ಟೇಬಲ್ಲು. ದಿನಕ್ಕೆ 12 ಪಿರಿಯಡ್ಡಿನ ಒಂದು ಟೈಂ ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಹಳೆಯ ಹಾಜರಿ ಪುಸ್ತಕವೊಂದನ್ನು ಮಂಚದ ಪಕ್ಕ ಇಟ್ಟೆ. ಹೊರಳಿಸಿದವರು ಸಮಯ, ಎಡವೋ ಬಲವೋ, ಚರ್ಮ ಹೇಗಿದೆ ಎಂದು ಬರೆದು ಸಹಿ ಹಾಕಬೇಕು. ಎರಡನೇ ಪಿಯುಸಿ ಓದುತ್ತಿದ್ದ ಮಗ ರಾತ್ರಿ ಹತ್ತರದ್ದು ಮತ್ತು ಹನ್ನೆರಡರದ್ದು ವಹಿಸಿಕೊಂಡ. "ಹೇಗೂ ಓದ್ತಾ ಎದ್ದಿರ್ತೀನಲ್ಲಪ್ಪ" ಎಂದ. ಎರಡು ಮತ್ತು ನಾಲ್ಕು ನನ್ನವು. ಬೆಳಿಗ್ಗೆ ಆರರಿಂದ ಹೆಂಡತಿ.

ಹೊರಳಿಸುವುದರಲ್ಲೂ ಶಾಸ್ತ್ರವಿದೆ. ಪೂರ್ತಿ ಪಕ್ಕಕ್ಕೆ, ಅಂದರೆ ಲಂಬವಾಗಿ ತಿರುಗಿಸಿದರೆ ಭಾರವೆಲ್ಲ ತೊಡೆಯ ಮೇಲ್ತುದಿಯ ಮೂಳೆಯ ಮೇಲೆ ಕೂರುತ್ತದೆ, ಅಲ್ಲೊಂದು ಹೊಸ ಹುಣ್ಣಿಗೆ ದಾರಿ. 30 ಡಿಗ್ರಿಯಷ್ಟು ಮಾತ್ರ ವಾಲಿಸಿ, ಭುಜದಿಂದ ಸೊಂಟದವರೆಗೆ ಬೆನ್ನ ಹಿಂದೆ ದಿಂಬು ಕೊಡಬೇಕು. ಆಗ ಬೆನ್ನುಮೂಳೆಯ ತುದಿಯೂ ಊರುವುದಿಲ್ಲ, ತೊಡೆಯ ಮೂಳೆಯೂ ಊರುವುದಿಲ್ಲ, ನಡುವಿನ ಮಾಂಸಲ ಭಾಗ ಭಾರ ಹೊರುತ್ತದೆ. ಒಂಬತ್ತನೇ ತರಗತಿಯ ಮಗಳು ಕಂಪಾಸ್ ಬಾಕ್ಸಿನಿಂದ 30 ಡಿಗ್ರಿಯ ಸೆಟ್ ಸ್ಕ್ವೇರ್ ತಂದು ಅಜ್ಜಿಯ ಬೆನ್ನಿಗೆ ಹಿಡಿದು, "ಸರಿಯಾಗಿದೆಯಪ್ಪ" ಎಂದಳು. ಅಷ್ಟು ದಿನಗಳ ಮೇಲೆ ಮನೆಯಲ್ಲಿ ಎಲ್ಲರೂ ನಕ್ಕದ್ದು ಅವತ್ತೇ. ಅಮ್ಮನ ಬಾಯಿಯ ಎಡತುದಿಯೂ ಸ್ವಲ್ಪ ಮೇಲೆದ್ದಿತು.

ಎರಡು ಮಂಡಿ, ಎರಡು ಕಾಲಿನ ಗಿಣ್ಣು ಒಂದಕ್ಕೊಂದು ತಾಗದಂತೆ ನಡುವೆ ತೆಳು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗಲೇಬಾರದು. ಮೀನಖಂಡದ ಉದ್ದಕ್ಕೂ ದಿಂಬಿಟ್ಟು, ಮಂಡಿ ಸ್ವಲ್ಪ ಮಡಚಿ, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಬೇಕು. ಅಮ್ಮನ ಹಿಮ್ಮಡಿಯ ಕೆಂಪು ಕೆಲವೇ ದಿನಗಳಲ್ಲಿ ಮಾಯವಾಯಿತು. ಔಷಧಿ ಏನೂ ಹಚ್ಚಲಿಲ್ಲ, ಒತ್ತಡ ತೆಗೆದೆವು, ಅಷ್ಟೇ. ಸ್ವಾಧೀನವಿಲ್ಲದ ಬಲಮಗ್ಗುಲಿಗೆ ಮಲಗಿಸುವಾಗ ತೋಳು ಮೈಯಡಿ ಸಿಕ್ಕಿಕೊಳ್ಳದಂತೆ ಮುಂದಕ್ಕೆ ತರಬೇಕು, ಆ ಮಗ್ಗುಲಿನಲ್ಲಿ ಕಡಿಮೆ ಹೊತ್ತು ಬಿಡಬೇಕು. ಕಿವಿ, ತಲೆಯ ಹಿಂಭಾಗ, ಮೊಣಕೈ, ಹೆಗಲಮೂಳೆ, ಇವನ್ನೂ ದಿನಕ್ಕೊಮ್ಮೆ ನೋಡಬೇಕು. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆದ್ದರಿಂದ ಮುಟ್ಟಿ ನೋಡಬೇಕು. ಸುತ್ತಲಿನದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ನೇರಳೆಗೆ ತಿರುಗಿದೆಯೇ ಎಂದು ಪರೀಕ್ಷಿಸಬೇಕು.

ಒತ್ತಡದಷ್ಟೇ ಕೆಟ್ಟದ್ದು ಜಾರುವಿಕೆ. ತಲೆದೆಸೆ ಎತ್ತರಿಸಿ ಒರಗಿಸಿದರೆ ದೇಹ ಮೆಲ್ಲಗೆ ಕೆಳಕ್ಕೆ ಜಾರುತ್ತದೆ. ಚರ್ಮ ಬಟ್ಟೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಮೂಳೆ ಮಾತ್ರ ಒಳಗೆ ಜಾರುತ್ತದೆ. ಒಂದು ದಪ್ಪ ಪುಸ್ತಕದ ರಟ್ಟು ಹಿಡಿದು ತಳ್ಳಿ ನೋಡಿ, ಹಾಳೆಗಳು ಓರೆಯಾಗುತ್ತವಲ್ಲ, ನಡುವಿನ ರಕ್ತನಾಳಗಳ ಗತಿಯೂ ಅದೇ. ಆದ್ದರಿಂದ ಊಟದ ಹೊತ್ತು ಬಿಟ್ಟರೆ ತಲೆದೆಸೆ 30 ಡಿಗ್ರಿಗಿಂತ ಮೇಲಿರಬಾರದು. ಎತ್ತರಿಸುವ ಮೊದಲು ಮಂಡಿಯಡಿ ದಿಂಬು ಕೊಟ್ಟರೆ ಜಾರುವುದು ತಪ್ಪುತ್ತದೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯುವುದು ನಮ್ಮೆಲ್ಲರ ಅಭ್ಯಾಸ, ಅದನ್ನು ಬಿಡಬೇಕು. ಹಳೆಯ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಬೇಕು. ಬೆನ್ನುಮೂಳೆಗೋ ಸೊಂಟಕ್ಕೋ ಪೆಟ್ಟಾದವರನ್ನಾದರೆ ಹೇಗೆ ಹೊರಳಿಸಬೇಕೆಂದು ಡಾಕ್ಟರನ್ನು ಕೇಳಿಯೇ ಮುಟ್ಟಬೇಕು.

ಎರಡನೆಯ ವಾರ ಏರ್‌ಬೆಡ್ ಬಂತು. ಇಂಥ ಹಾಸಿಗೆಗಳ ಮೂಲಪುರುಷ ನೀಲ್ ಆರ್ನಟ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಭೌತಶಾಸ್ತ್ರದ ಮೇಲೆ ಪುಸ್ತಕ ಬರೆದಿದ್ದವನು. 1832ರಲ್ಲಿ ಆತ ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ರಬ್ಬರ್ ಲೇಪಿಸಿದ ಬಟ್ಟೆ ಸಡಿಲವಾಗಿ ಹೊದಿಸಿ, ಅದರ ಮೇಲೆ ರೋಗಿಯನ್ನು ಮಲಗಿಸಿದ. ನೀರು ಮೈಯ ಆಕಾರಕ್ಕೆ ತಗ್ಗಿ ಎಲ್ಲ ಕಡೆಯಿಂದಲೂ ಆಧಾರ ಕೊಡುತ್ತದೆ. ಸೂತ್ರದಲ್ಲಿ ಬಲ ಕಡಿಮೆ ಮಾಡಲಾಗದು, ವಿಸ್ತೀರ್ಣ ಹೆಚ್ಚಿಸಿದ. ಈಗಿನ ಏರ್‌ಬೆಡ್ಡಿನ ಜಾಣತನ ಬೇರೆ. ಅದು ಸೂತ್ರಕ್ಕೆ ಕಾಲವನ್ನೂ ಸೇರಿಸಿದೆ. ಸಾಲುಸಾಲಾಗಿ ಗಾಳಿಯ ಕೊಳವೆಗಳೋ ಗುಳ್ಳೆಗಳೋ ಇರುತ್ತವೆ. ಸಣ್ಣ ಪಂಪು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಗಾಳಿ ತುಂಬುತ್ತದೆ, ಕೆಲವು ನಿಮಿಷಗಳ ಮೇಲೆ ಅದನ್ನಿಳಿಸಿ ಉಳಿದವಕ್ಕೆ ತುಂಬುತ್ತದೆ. ಮೈಯ ಯಾವ ಭಾಗವೂ ಬಹಳ ಹೊತ್ತು ಒತ್ತಿಕೊಂಡಿರುವುದಿಲ್ಲ.

ಏರ್‌ಬೆಡ್ ಬಂದ ಮೇಲೆ ನಮಗೆ ಸೋಮಾರಿತನ ಬಂತು. ಯಂತ್ರವೇ ನೋಡಿಕೊಳ್ಳುತ್ತದಲ್ಲ ಎಂದು ಒಂದು ರಾತ್ರಿ ನಾನು ಎರಡರ ಅಲಾರಾಂ ನಿಲ್ಲಿಸಿ ಮಲಗಿಬಿಟ್ಟೆ. ನಡುರಾತ್ರಿ ಕರೆಂಟು ಹೋಗಿತ್ತು. ಬೆಳಗಿನ ಜಾವ ಎದ್ದು ನೋಡಿದರೆ ಏರ್‌ಬೆಡ್ಡು ಹಪ್ಪಳವಾಗಿತ್ತು. ಅಮ್ಮ ಅದೇ ಹಳೆಯ ಗಟ್ಟಿ ಹಾಸಿಗೆಯ ಮೇಲೆ, ಅಂಗಾತ, ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಎಡಗೈ ಸೊಂಟದ ಹತ್ತಿರವಿತ್ತು. ಹಾಜರಿ ಪುಸ್ತಕದಲ್ಲಿ ಆ ಎರಡು ಖಾನೆಗಳು ಇವತ್ತಿಗೂ ಖಾಲಿಯಿವೆ. ಸುಳ್ಳು ಸಹಿ ಹಾಕಲು ಮನಸ್ಸು ಬರಲಿಲ್ಲ. ಆಮೇಲೆ ಪಂಪನ್ನು ಯುಪಿಎಸ್‌ಗೆ ಸೇರಿಸಿದೆವು, ಅಲಾರಾಂ ಮತ್ತೆ ಬಾರಿಸತೊಡಗಿತು.

ಏರ್‌ಬೆಡ್ ಕೊಳ್ಳುವವರಿಗೆ, ಬಾಡಿಗೆಗೆ ತರುವವರಿಗೆ ಎರಡು ಮಾತು. ಅದರ ಮೇಲೆ ಕಂಬಳಿ, ದುಪ್ಪಟಿ ಎಂದು ನಾಲ್ಕು ಪದರ ಹಾಕಿದರೆ ಪ್ರಯೋಜನವಿಲ್ಲ, ಒಂದೇ ಒಂದು ಹತ್ತಿಯ ಹೊದಿಕೆ ಸಡಿಲವಾಗಿ, ಸುಕ್ಕಿಲ್ಲದೆ ಇರಲಿ. ಗಾಳಿ ಸಾಕೇ ಎಂದು ನೋಡಲು, ಕೆಳಗಿನ ಹಾಸಿಗೆಗೂ ಏರ್‌ಬೆಡ್ಡಿಗೂ ನಡುವೆ, ರೋಗಿಯ ಸೊಂಟದ ನೇರಕ್ಕೆ ಅಂಗೈ ಮೇಲ್ಮುಖವಾಗಿ ತೂರಿಸಿ. ಗಾಳಿ ತುಂಬಿದ ಸಾಲಿನ ಕೆಳಗೂ ಮೂಳೆ ಕೈಗೆ ತಾಗುವಂತಿದ್ದರೆ ಗಾಳಿ ಸಾಲದು. ಸುಮಾರು ಒಂದು ಅಂಗುಲ ಮೆತ್ತಗಿನ ಅಂತರ ಉಳಿದಿರಬೇಕು. ಏರ್‌ಬೆಡ್ಡಿಗೆ ಶಕ್ತಿಯಿಲ್ಲದವರು ಎದೆಗುಂದಬೇಕಿಲ್ಲ. ಒಳ್ಳೆಯ ದಪ್ಪ ಫೋಮ್ ಹಾಸಿಗೆ, ಆರೇಳು ದಿಂಬು ಮತ್ತು ತಪ್ಪದ ಕೈಗಳು ಬಹಳ ಕೆಲಸ ಮಾಡುತ್ತವೆ. ಎರಡು ಗಂಟೆಯೆಂಬುದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕ ಮತ್ತು ಕೆನಡಾದ ಶುಶ್ರೂಷಾ ಗೃಹಗಳಲ್ಲಿ ಒಳ್ಳೆಯ ಫೋಮ್ ಹಾಸಿಗೆಯ ಮೇಲಿದ್ದ ವೃದ್ಧರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿ ನೋಡಿದರು. ಹುಣ್ಣಿನ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅಂತರ ಎಷ್ಟಿರಬೇಕೆಂದು ಆ ರೋಗಿಯ ಚರ್ಮ ನೋಡಿ ಡಾಕ್ಟರೋ ಸಿಸ್ಟರೋ ಹೇಳಲಿ. ಆದರೆ ಹೊರಳಿಸುವುದೇ ಬೇಡವೆಂದು ಯಾವ ಅಧ್ಯಯನವೂ ಹೇಳಿಲ್ಲ.

ಹುಣ್ಣು ಮಾಗಲು ಒಳಗಿನಿಂದ ಸಾಮಗ್ರಿ ಬೇಕು. ಬರೀ ಗಂಜಿ ಕುಡಿಸಿದರೆ ಗೋಡೆ ಕಟ್ಟಲು ನೀರು ಕೊಟ್ಟು ಇಟ್ಟಿಗೆ ಕೊಡದಂತೆ. ಡಾಕ್ಟರ ಸಲಹೆಯಂತೆ ಬೇಳೆಕಟ್ಟು, ಮೊಸರು, ಹಾಲು, ಹೆಸರುಕಾಳು ಬೇಯಿಸಿ ನುಣ್ಣಗೆ ಅರೆದು ಕೊಟ್ಟೆವು. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ. ನೆನೆದ ಬಟ್ಟೆಯನ್ನು ಆ ಗಳಿಗೆಯೇ ಬದಲಿಸುವುದು, ಮೆತ್ತಗೆ ಒರೆಸಿ ಒಣಗಿಸುವುದು, ಸಿಸ್ಟರ್ ಬಂದು ಡ್ರೆಸಿಂಗ್ ಮಾಡುವುದು, ಇಷ್ಟೇ ಚಿಕಿತ್ಸೆ. ನಾಲ್ಕು ದಿನದಲ್ಲಿ ಆದ ಹುಣ್ಣು ಮಾಗಲು ನಾಲ್ಕೂವರೆ ತಿಂಗಳು ಬೇಕಾಯಿತು. ಈ ಲೆಕ್ಕವನ್ನು ಮಾತ್ರ ನಾನು ಮರೆಯುವುದಿಲ್ಲ.

ಇದೆಲ್ಲ ಬರೆದಷ್ಟು ಸಲೀಸಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ಹೆಂಡತಿಗೆ ಬೆನ್ನುನೋವು ಬಂತು. ನಿದ್ದೆಗೆಟ್ಟು ಇಬ್ಬರೂ ಸಣ್ಣ ಸಣ್ಣದಕ್ಕೆ ಜಗಳವಾಡಿದೆವು. ಮಗನ ಓದಿಗೆ ಇದರಿಂದ ತೊಂದರೆಯಾಗುತ್ತದೆ, ಅವನನ್ನು ಬಿಟ್ಟುಬಿಡು ಎಂದು ಹಿತೈಷಿಗಳು ಹೇಳಿದರು. ಪರೀಕ್ಷೆಯ ತಿಂಗಳು ನಾನೇ ಅವನಿಗೆ ಬೇಡವೆಂದೆ. ಅವನು ಹತ್ತರ ಪಾಳಿಯನ್ನು ಬಿಟ್ಟುಕೊಡಲಿಲ್ಲ. "ಅಜ್ಜಿ ನನ್ನ ಕೈ ಹಿಡ್ಕೊಂಡೇ ತಿರುಗ್ತಾರಪ್ಪ. ಅದು ಹತ್ತೇ ನಿಮಿಷ" ಎಂದ. ಅಂಕ ಎಷ್ಟು ಬಂತೆಂದು ಇಲ್ಲಿ ಬರೆಯುವುದಿಲ್ಲ. ಆ ಹತ್ತು ನಿಮಿಷಕ್ಕೆ ನಮ್ಮ ಯಾವ ಅಂಕಪಟ್ಟಿಯಲ್ಲೂ ಖಾನೆಯಿಲ್ಲ. ತಂದೆತಾಯಿಗಳಲ್ಲಿ ನನ್ನದೊಂದು ಮನವಿ: ಮನೆಯಲ್ಲಿ ಅಜ್ಜ, ಅಜ್ಜಿ ಮಲಗಿದ್ದರೆ ಕೋಣೆಯ ಬಾಗಿಲು ಮುಚ್ಚಿ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸಬೇಡಿ. ದಿನಕ್ಕೊಂದು ಪಾಳಿ ಅವರಿಗೂ ಕೊಡಿ. ಇಲ್ಲದಿದ್ದರೆ ಹನ್ನೆರಡು ಪಾಳಿಯೂ ಮನೆಯ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಅಲ್ಲೂ ಅದೇ ಸೂತ್ರ. ಭಾರ ಅಷ್ಟೇ ಇರುತ್ತದೆ, ಒಂದೇ ಕಡೆ ಊರಿದರೆ ಅಲ್ಲಿ ಹುಣ್ಣಾಗುತ್ತದೆ.

ಅಮ್ಮ ಆಮೇಲೆ ಒಂದೂ ಕಾಲು ವರ್ಷ ಇದ್ದಳು. ಕೂರಿಸಿದರೆ ಕೂರುತ್ತಿದ್ದಳು, ಒಂದೆರಡು ಮಾತು ಮರಳಿತ್ತು. 2024ರ ಫೆಬ್ರವರಿಯಲ್ಲಿ ಎದೆಯ ಸೋಂಕಿನಿಂದ ಹೋದಳು. ಕೊನೆಯ ಸ್ನಾನ ಮಾಡಿಸಿ ಬಂದ ನನ್ನ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ಕೂತಳು. "ಬೆನ್ನು ಚೆನ್ನಾಗಿತ್ತು ಕಣೋ. ಅದೊಂದು ಸಣ್ಣ ಕಲೆ ಬಿಟ್ರೆ ಏನೂ ಇಲ್ಲ" ಎಂದಳು. ಅಷ್ಟೂ ದಿನ ಬಂದುಹೋದವರ ಸಮಾಧಾನದ ಮಾತುಗಳಲ್ಲಿ ನನಗೆ ನೆನಪಿರುವುದು ಇದೊಂದೇ. ಆ ಸಣ್ಣ ಕಲೆ ಯಾರದ್ದೆಂದು ಅಕ್ಕನಿಗೆ ನಾನು ಹೇಳಲಿಲ್ಲ.

ಈ ವರ್ಷವೂ ಎಂಟನೇ ತರಗತಿಗೆ ಒತ್ತಡದ ಪಾಠ ಮಾಡಿದೆ. ಚೀಲದ ಪಟ್ಟಿ, ಚೂಪು ಮೊಳೆ, ಸಿಂಬಿ ಎಲ್ಲ ಹೇಳಿದೆ. ಕೊನೆಗೆ ಮಕ್ಕಳಿಗೆ, "ಐದು ನಿಮಿಷ ಬೆಂಚಿನ ಮೇಲೆ ಒಂದಿಷ್ಟೂ ಅಲುಗಾಡದೆ ಕೂರಿ ನೋಡೋಣ" ಎಂದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅರ್ಧ ತರಗತಿ ಸೋತಿತು. "ಸಾರ್, ಆಗಲ್ಲ ಸಾರ್, ಒತ್ತುತ್ತೆ" ಎಂದ ಹಿಂದಿನ ಬೆಂಚಿನ ಹುಡುಗ. "ನಿನಗೆ ಹೇಳೋಕೆ ಬಾಯಿದೆ, ಹೊರಳೋಕೆ ಮೈಯಿದೆ. ಎರಡೂ ಇಲ್ಲದವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದಾರೇನೋ ನೋಡು" ಎಂದೆ. ತರಗತಿ ಒಂದು ಕ್ಷಣ ನಿಶ್ಶಬ್ದವಾಯಿತು. ಆಮೇಲೆ ಎಂದಿನಂತೆ ಎಲ್ಲರೂ ಮಿಸುಕಾಡತೊಡಗಿದರು. ನಾನು ಗದರಲಿಲ್ಲ.